ಗ್ಲಿಸರಾಲ್ ರಿಯಾಕ್ಟರ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಕನ್ವರ್ಷನ್ (ಹಾಕಿದ ಗ್ಲಿಸರಾಲ್‌ನಲ್ಲಿ ಬೇರೆ ವಸ್ತುವಾಗಿ ಬದಲಾದ ಶೇಕಡಾ) ಇಳಿಯಿತು ಅಂದ ಕೂಡಲೇ ಎಲ್ಲರೂ ಬೆರಳು ತೋರಿಸುವುದು ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಕಡೆಗೆ. "ಸತ್ತುಹೋಗಿದೆ, ತೆಗೆದು ಹೊಸದು ತುಂಬಿ" ಅಂತ. ಎಷ್ಟೋ ಸಲ ಪಾಪ ಅದು ಸತ್ತಿರುವುದೇ ಇಲ್ಲ. ಹೈಡ್ರೋಜನ್ ಸಾಲದೆ ಹೋಗಿರುತ್ತದೆ, ಥರ್ಮೊಕಪಲ್ (ಶಾಖ ಅಳೆಯುವ ತಂತಿ) ಜಾಗ ಬಿಟ್ಟು ಸರಿದಿರುತ್ತದೆ, ಇಲ್ಲವೇ ಜಿಸಿ (ಗ್ಯಾಸ್ ಕ್ರೊಮಾಟೋಗ್ರಾಫ್, ಮಿಶ್ರಣದಲ್ಲಿ ಯಾವ ವಸ್ತು ಎಷ್ಟಿದೆ ಅಂತ ಅಳೆಯುವ ಯಂತ್ರ) ಸುಳ್ಳು ಹೇಳುತ್ತಿರುತ್ತದೆ. ನಿಜವಾಗಿ ಸತ್ತಿದ್ದರೂ, ಯಾವುದು ಕೊಂದಿತು ಅಂತ ತಿಳಿಯದೆ ಹೊಸದು ತುಂಬಿದರೆ ಅದಕ್ಕೂ ಅದೇ ಗತಿ. ಹಾಗಾಗಿ ಹೊರಗಿನಿಂದ ಒಳಕ್ಕೆ ಹುಡುಕುತ್ತಾ ಬನ್ನಿ. ಮೊದಲು ತೂಕ, ಆಮೇಲೆ ಅಳತೆ ಮಾಡುವ ಯಂತ್ರ, ಆಮೇಲೆ ಫೀಡ್, ಅಂದರೆ ಒಳಗೆ ಹಾಕುವ ದ್ರವ. ಬೆಡ್ (ಕ್ಯಾಟಲಿಸ್ಟ್ ತುಂಬಿದ ಭಾಗ) ಬಿಚ್ಚುವುದು ಕಟ್ಟಕಡೆಗೆ.

ಇಲ್ಲಿ ಬರೆಯುತ್ತಿರುವುದು ತಾಮ್ರದ ಕ್ಯಾಟಲಿಸ್ಟ್ ತುಂಬಿದ ಫಿಕ್ಸೆಡ್ ಬೆಡ್ ರಿಯಾಕ್ಟರ್ ಬಗ್ಗೆ. ಮೇಲಿನಿಂದ ಗ್ಲಿಸರಾಲ್-ನೀರಿನ ಮಿಶ್ರಣವೂ ಹೈಡ್ರೋಜನ್ನೂ ಒಟ್ಟಿಗೆ ಇಳಿಯುತ್ತವೆ, ಶಾಖ 180ರಿಂದ 230 ಡಿಗ್ರಿ ಸೆಲ್ಸಿಯಸ್, ಒತ್ತಡ ಕೆಲವು ಹತ್ತು ಬಾರ್, ಕೆಳಗೆ ಪ್ರೊಪಿಲೀನ್ ಗ್ಲೈಕಾಲ್ (ಮುಂದೆ ಬರೀ ಗ್ಲೈಕಾಲ್ ಅಂದರೂ ಇದೇ) ಬರುತ್ತದೆ. ಗ್ಲಿಸರಾಲ್‌ನಿಂದ ಬೇರೆ ವಸ್ತು ಮಾಡುವ ದಾರಿಗಳೂ ಇವೆ, ಆಕ್ರೋಲಿನ್, ಗ್ಲಿಸರಾಲ್ ಕಾರ್ಬನೇಟ್, ಲ್ಯಾಕ್ಟಿಕ್ ಆಮ್ಲ ಹೀಗೆ. ಆದರೆ ದೋಷ ಹುಡುಕುವ ಕ್ರಮ ಎಲ್ಲಕ್ಕೂ ಹೆಚ್ಚುಕಡಿಮೆ ಇದೇ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಗ್ಲಿಸರಾಲ್ ಒಂದೇ ಹೆಜ್ಜೆಯಲ್ಲಿ ಗ್ಲೈಕಾಲ್ ಆಗುವುದಿಲ್ಲ. ಮೊದಲು ಅದರಿಂದ ಒಂದು ನೀರಿನ ಅಣು ಕಳಚಿ ಅಸಿಟಾಲ್ ಆಗುತ್ತದೆ, ಆ ಅಸಿಟಾಲ್ ಹೈಡ್ರೋಜನ್ ಹಿಡಿದು ಪ್ರೊಪಿಲೀನ್ ಗ್ಲೈಕಾಲ್ ಆಗುತ್ತದೆ. ಮಿಸೌರಿ ವಿಶ್ವವಿದ್ಯಾಲಯದ ಗೇಲನ್ ಸಪ್ಪೆಸ್ ತಾಮ್ರ-ಕ್ರೋಮೈಟ್ ಕ್ಯಾಟಲಿಸ್ಟ್ ಇಟ್ಟುಕೊಂಡು ಈ ಅಸಿಟಾಲ್ ದಾರಿಯನ್ನೇ ಬೆಳೆಸಿದರು, ಅದಕ್ಕೆ 2006ರಲ್ಲಿ ಅಮೆರಿಕದ ಹಸಿರು ರಸಾಯನಶಾಸ್ತ್ರ ಪ್ರಶಸ್ತಿಯೂ ಬಂತು. ನಮಗೆ ಇದರಿಂದ ಏನು ಲಾಭ ಅಂದರೆ, ಕೆಳಗೆ ಬರುವ ದ್ರವದಲ್ಲಿ ಅಸಿಟಾಲ್ ಎಷ್ಟಿದೆ ಅನ್ನುವುದೊಂದನ್ನೇ ನೋಡಿ ಯಾವ ಹೆಜ್ಜೆ ಕುಂಟುತ್ತಿದೆ ಅಂತ ಹೇಳಬಹುದು.

ತೂಕದಿಂದ ಶುರು ಮಾಡಿ

ಒಂದು ಲೆಕ್ಕ ಹಾಕೋಣ. ಫೀಡ್ ಅಂದರೆ 80 ಶೇಕಡಾ ಗ್ಲಿಸರಾಲ್, ಉಳಿದದ್ದು ನೀರು. ಪಂಪ್ ಅನ್ನು ನಿಮಿಷಕ್ಕೆ 0.5 ಮಿಲಿಗೆ ಇಟ್ಟಿದ್ದೀರಿ. ಈ ಮಿಶ್ರಣದ ಸಾಂದ್ರತೆ ಕೋಣೆಯ ಶಾಖದಲ್ಲಿ ಮಿಲಿಗೆ ಸುಮಾರು 1.21 ಗ್ರಾಂ. ಗಂಟೆಗೆ ಒಳಗೆ ಹೋಗುವುದು 36 ಗ್ರಾಂ ಚಿಲ್ಲರೆ, ಅದರಲ್ಲಿ ಗ್ಲಿಸರಾಲ್ 29 ಗ್ರಾಂ, ಅಂದರೆ 0.315 ಮೋಲ್. ಇಷ್ಟೂ ಗ್ಲೈಕಾಲ್ ಆದರೆ ಅಷ್ಟೇ ಮೋಲ್ ಹೈಡ್ರೋಜನ್ ಸೇರುತ್ತದೆ, ತೂಕ ಗಂಟೆಗೆ ಬರೀ 0.6 ಗ್ರಾಂ ಜಾಸ್ತಿಯಾಗುತ್ತದೆ. ಅಂದರೆ ಕೆಳಗಿನ ಬಾಟಲಿಯಲ್ಲಿ ಗಂಟೆಗೆ 36ರಿಂದ 37 ಗ್ರಾಂ ಸಿಗಲೇಬೇಕು. ಸಿಗುತ್ತಿದೆಯಾ? ತಕ್ಕಡಿ ಮೇಲೆ ಇಟ್ಟು ನೋಡಿ.

ಕಡಿಮೆ ಬಂದರೆ ಎರಡೇ ಸಾಧ್ಯತೆ, ಒಂದೋ ಒಳಗೆ ಕಡಿಮೆ ಹೋಗುತ್ತಿದೆ, ಇಲ್ಲವೇ ಎಲ್ಲೋ ಹೊರಗೆ ಹೋಗುತ್ತಿದೆ. ಫೀಡ್ ಬಾಟಲಿಯನ್ನೂ ಇನ್ನೊಂದು ತಕ್ಕಡಿಯ ಮೇಲೆ ಇಟ್ಟರೆ ಯಾವುದು ಅಂತ ತಿಳಿಯುತ್ತದೆ. ಪಂಪಿನ ಪರದೆಯಲ್ಲಿ ಕಾಣುವ ಸಂಖ್ಯೆಯನ್ನು ದಯವಿಟ್ಟು ನಂಬಬೇಡಿ. ಅದು ಪಿಸ್ಟನ್ ಎಷ್ಟು ಓಡಿತು ಅಂತ ಹೇಳುತ್ತದೆ, ದ್ರವ ಎಷ್ಟು ಹೋಯಿತು ಅಂತ ಹೇಳುವುದಿಲ್ಲ. ಶುದ್ಧ ಗ್ಲಿಸರಾಲ್ 20 ಡಿಗ್ರಿಯಲ್ಲಿ ನೀರಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಗಟ್ಟಿ, 80 ಶೇಕಡಾ ಮಿಶ್ರಣ ಕೂಡ ಸುಮಾರು 60 ಪಟ್ಟು. ಇಷ್ಟು ಮಂದ ದ್ರವವನ್ನು ಸಣ್ಣ ಪೈಪಿನಿಂದ ಎಳೆಯುವಾಗ ಚೆಕ್ ವಾಲ್ವ್ (ದ್ರವವನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ) ಸರಿಯಾಗಿ ಕೂರದೆ ಹೋಗುತ್ತದೆ, ಪಂಪಿನ ತಲೆಯೊಳಗೆ ಗುಳ್ಳೆ ಸೇರುತ್ತದೆ, ಒಂದು ಸ್ಟ್ರೋಕ್ ಹೋದರೆ ಇನ್ನೊಂದು ಹೋಗುವುದಿಲ್ಲ. ಫೀಡ್ ಬಾಟಲಿಯನ್ನೂ ಎಳೆಯುವ ಪೈಪನ್ನೂ 50-60 ಡಿಗ್ರಿಗೆ ಬೆಚ್ಚಗಿಟ್ಟರೆ, ಬಾಟಲಿಯನ್ನು ಪಂಪಿಗಿಂತ ಮೇಲಿಟ್ಟರೆ ಅರ್ಧ ತಲೆನೋವು ಹೋಗುತ್ತದೆ. ತಮಾಷೆ ಏನಂದರೆ ಪಂಪ್ ಕಡಿಮೆ ತಳ್ಳಿದಾಗ ಕನ್ವರ್ಷನ್ ಚೆನ್ನಾಗಿಯೇ ಕಾಣುತ್ತದೆ, ದ್ರವ ಬೆಡ್ ಮೇಲೆ ಹೆಚ್ಚು ಹೊತ್ತು ಇರುತ್ತದಲ್ವಾ. ಶೇಕಡಾ ಏರಿದೆ ಅಂತ ಖುಷಿಪಡುತ್ತಿರುತ್ತೇವೆ, ದಿನದ ಉತ್ಪಾದನೆ ಮಾತ್ರ ಕುಸಿದಿರುತ್ತದೆ.

ಒಳಗೆ ಸರಿಯಾಗಿ ಹೋಗಿಯೂ ಹೊರಗೆ ಕಡಿಮೆ ಬರುತ್ತಿದ್ದರೆ ಕಂಡೆನ್ಸರ್ (ಆವಿಯನ್ನು ತಣಿಸಿ ದ್ರವ ಮಾಡುವ ಭಾಗ) ನೋಡಿ. ಅನಿಲದ ಜೊತೆ ನೀರು, ಪ್ರೊಪನಾಲ್, ಮೆಥನಾಲ್ ಹಾರಿಹೋಗುತ್ತಿರಬಹುದು. ಅದಾದ ಮೇಲೆ ಸೋರಿಕೆ ಪರೀಕ್ಷೆ, ನೈಟ್ರೋಜನ್ ಹಾಕಿ ಒತ್ತಡ ನಿಲ್ಲುತ್ತದಾ ಅಂತ. ಹೈಡ್ರೋಜನ್ ಗಾಳಿಯಲ್ಲಿ 4 ಶೇಕಡಾ ಇದ್ದರೂ ಹೊತ್ತಿಕೊಳ್ಳುತ್ತದೆ, ಇದರಲ್ಲಿ ಸೋಮಾರಿತನ ಬೇಡ.

ಹೈಡ್ರೋಜನ್ ಲೆಕ್ಕವೂ ಇಲ್ಲೇ ಮುಗಿಸಿಬಿಡಿ. ಮೇಲಿನ ಫೀಡ್‌ಗೆ ಬರೀ ಸಮ ಪ್ರಮಾಣ ಕೊಡಲು ನಿಮಿಷಕ್ಕೆ ಸುಮಾರು 118 ಮಿಲಿ ಬೇಕು, ಐದು ಪಟ್ಟು ಕೊಡುವುದಾದರೆ 590. ಇದು ಅನಿಲವನ್ನು ಸೊನ್ನೆ ಡಿಗ್ರಿಯಲ್ಲಿ ಅಳೆದರೆ ಬರುವ ಮಿಲಿ. ನಿಮ್ಮ ಮಾಸ್ ಫ್ಲೋ ಕಂಟ್ರೋಲರ್ (ಅನಿಲದ ಹರಿವು ನಿಯಂತ್ರಿಸುವ ಸಾಧನ) 20 ಡಿಗ್ರಿಯನ್ನು ಆಧಾರ ಇಟ್ಟುಕೊಂಡಿದ್ದರೆ ಅಲ್ಲಿಗೇ 7 ಶೇಕಡಾ ವ್ಯತ್ಯಾಸ. ಅದು ದೊಡ್ಡ ದೋಷವೇನಲ್ಲ, ಆದರೆ ಎರಡು ರಿಯಾಕ್ಟರ್ ಹೋಲಿಸುವಾಗ ಸುಮ್ನೆ ದಾರಿ ತಪ್ಪಿಸುತ್ತದೆ. ಹೊರಹೋಗುವ ಅನಿಲವನ್ನು ಸೋಪಿನ ಗುಳ್ಳೆಯ ಮೀಟರಿನಲ್ಲಿ ಅಳೆದುಬಿಡಿ, ಮನಸ್ಸಿಗೆ ನೆಮ್ಮದಿ.

ಜಿಸಿ ಹೇಳುವುದೆಲ್ಲ ನಿಜವಲ್ಲ

ಗ್ಲಿಸರಾಲ್ ಜಿಸಿಯಲ್ಲಿ ಹಠಮಾರಿ ವಸ್ತು. ಕುದಿಯುವ ಬಿಂದು 290 ಡಿಗ್ರಿ, ಮೂರು ಹೈಡ್ರಾಕ್ಸಿಲ್ ಗುಂಪು, ಎಲ್ಲೆಂದರಲ್ಲಿ ಅಂಟಿಕೊಳ್ಳುತ್ತದೆ. ಸ್ಯಾಂಪಲ್ ಒಳಹೋಗುವ ಇಂಜೆಕ್ಟರಿನ ಲೈನರ್ (ಒಳಗಿನ ಗಾಜಿನ ಕೊಳವೆ) ಕೊಳೆಯಾಗಿದ್ದರೆ ಪೀಕ್ (ಗೆರೆಯಲ್ಲಿ ಆ ವಸ್ತುವಿನ ಏಳು) ಬಾಲ ಎಳೆಯುತ್ತದೆ, ಒಂದಿಷ್ಟು ಗ್ಲಿಸರಾಲ್ ಲೈನರಿನಲ್ಲೇ ಉಳಿದು ಮುಂದಿನ ಸ್ಯಾಂಪಲ್ ಜೊತೆ ಬರುತ್ತದೆ. ಫೀಡ್ ಹಾಕಿದ ತಕ್ಷಣ ಪ್ರಾಡಕ್ಟ್ ಸ್ಯಾಂಪಲ್ ಹಾಕಿದರೆ ಕನ್ವರ್ಷನ್ ಕಡಿಮೆ ಕಾಣುವುದು ಇದಕ್ಕೇ. ನಡುವೆ ಒಂದು ಬರೀ ನೀರಿನ ಇಂಜೆಕ್ಷನ್ ಹಾಕಿ, ಅದರಲ್ಲೂ ಗ್ಲಿಸರಾಲ್ ಪೀಕ್ ಬಂದರೆ ಕಳ್ಳ ಸಿಕ್ಕಿದ.

ಪಕ್ಕಾ ಪರೀಕ್ಷೆ ಇದು: ಗ್ಲಿಸರಾಲ್, ಪ್ರೊಪಿಲೀನ್ ಗ್ಲೈಕಾಲ್, ಎಥಿಲೀನ್ ಗ್ಲೈಕಾಲ್, ಅಸಿಟಾಲ್ ನಾಲ್ಕನ್ನೂ ತೂಗಿ ನೀವೇ ಒಂದು ಮಿಶ್ರಣ ಮಾಡಿ, 1,4-ಬ್ಯೂಟೇನ್ ಡೈಆಲ್ ಅನ್ನು ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಗೆಂದು ಗೊತ್ತಿರುವ ಪ್ರಮಾಣದಲ್ಲಿ ಹಾಕುವ ವಸ್ತು) ಆಗಿ ಸೇರಿಸಿ, ಗೊತ್ತಿಲ್ಲದ ಸ್ಯಾಂಪಲ್ ಥರ ಓಡಿಸಿ. ಹಾಕಿದ ಇಂಗಾಲ ವಾಪಸ್ ಬರದಿದ್ದರೆ ರಿಯಾಕ್ಟರ್ ಹತ್ತಿರ ಹೋಗುವ ಅಗತ್ಯವೇ ಇಲ್ಲ, ದೋಷ ಯಂತ್ರದಲ್ಲಿದೆ. ಕೈಗೆ ಸಿಗುವಂತಿದ್ದರೆ, ಸ್ಯಾಂಪಲ್ಲನ್ನು ದ್ರವರೂಪದಲ್ಲೇ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯೇ ನನಗೆ ಹೆಚ್ಚು ಇಷ್ಟ, ನೀರಿನಲ್ಲಿರುವ ಸ್ಯಾಂಪಲ್ಲನ್ನು ಹಾಗೇ ಹಾಕಬಹುದು, ಲ್ಯಾಕ್ಟಿಕ್ ಆಮ್ಲವೂ ಕಾಣುತ್ತದೆ.

ಬಾಟಲಿ ಏನು ಹೇಳುತ್ತಿದೆ

ಅಳತೆ ಸರಿ ಇದೆ ಅಂತ ಖಾತ್ರಿಯಾಯಿತು ಅನ್ನಿ. ಈಗ ಯಾವುದು ಏರಿದೆ, ಯಾವುದು ಇಳಿದಿದೆ ಅಂತ ಒಟ್ಟಿಗೆ ನೋಡಬೇಕು. ಒಂದೊಂದೇ ಸಂಖ್ಯೆ ನೋಡಿದರೆ ಏನೂ ತಿಳಿಯುವುದಿಲ್ಲ.

ಕನ್ವರ್ಷನ್ ಹಾಗೇ ಇದೆ, ಅಸಿಟಾಲ್ ಮಾತ್ರ ಏರಿದೆ ಅಂದರೆ ಮೊದಲ ಹೆಜ್ಜೆ ಚೆನ್ನಾಗಿದೆ, ಎರಡನೆಯದಕ್ಕೆ ಹೈಡ್ರೋಜನ್ ಸಾಲುತ್ತಿಲ್ಲ. ಬ್ಯಾಕ್ ಪ್ರೆಶರ್ ರೆಗ್ಯುಲೇಟರ್ (ರಿಯಾಕ್ಟರಿನ ಒತ್ತಡ ಹಿಡಿದಿಡುವ ಕವಾಟ) ಅಂಟಿಕೊಂಡು ಒತ್ತಡ ಇಳಿದಿರಬಹುದು, ಸಿಲಿಂಡರ್ ಖಾಲಿಯಾಗುತ್ತಿರಬಹುದು. ಹೈಡ್ರೋಜನ್ ಹರಿವನ್ನು ಎರಡು ಪಟ್ಟು ಮಾಡಿ ಕೆಲವು ಗಂಟೆ ಬಿಡಿ. ಅಸಿಟಾಲ್ ಇಳಿದರೆ ಉತ್ತರ ಸಿಕ್ಕಿತು. ಶಾಖ ಜಾಸ್ತಿಯಾದಾಗಲೂ ಅಸಿಟಾಲ್ ಏರುತ್ತದೆ, ಯಾಕಂದರೆ ಅಸಿಟಾಲ್ ಗ್ಲೈಕಾಲ್ ಆಗುವ ಹೆಜ್ಜೆ ಎರಡೂ ಕಡೆ ಓಡುತ್ತದೆ, ಬಿಸಿ ಹೆಚ್ಚಿದಷ್ಟೂ ಹಿಂದಕ್ಕೆ ವಾಲುತ್ತದೆ. ಹಾಗಾಗಿ ಹರಿವು ಹೆಚ್ಚಿಸಿಯೂ ಇಳಿಯದಿದ್ದರೆ ಬೆಡ್ಡಿನ ನಿಜವಾದ ಶಾಖ ನೋಡಿ.

ಎಥಿಲೀನ್ ಗ್ಲೈಕಾಲ್, ಮೆಥನಾಲ್, ಅನಿಲದಲ್ಲಿ ಮೀಥೇನ್ ಇವು ಒಟ್ಟಿಗೆ ಏರಿದರೆ ಇಂಗಾಲದ ಸರಪಳಿಯೇ ತುಂಡಾಗುತ್ತಿದೆ ಅಂತ ಅರ್ಥ. ತಾಮ್ರ ಸಾಮಾನ್ಯವಾಗಿ ಈ ಕೆಲಸ ಮಾಡುವುದಿಲ್ಲ, ಅದಕ್ಕೇ ಅಲ್ವಾ ತಾಮ್ರ ಬಳಸುವುದು. ಬೆಡ್ಡಿನ ಎಲ್ಲೋ ಒಂದು ಕಡೆ ವಿಪರೀತ ಬಿಸಿಯಾಗಿರಬೇಕು. ಇಲ್ಲವೇ ಈ ಹಿಂದೆ ಅದೇ ರಿಯಾಕ್ಟರಿನಲ್ಲಿ ನಿಕಲ್ ಅಥವಾ ರುಥೇನಿಯಂ ಕ್ಯಾಟಲಿಸ್ಟ್ ಓಡಿಸಿ ಪುಡಿ ಉಳಿದಿರಬೇಕು, ಆ ಎರಡೂ ಸರಪಳಿ ಕತ್ತರಿಸುವುದರಲ್ಲಿ ನಿಸ್ಸೀಮ.

ಪ್ರೊಪನಾಲ್ ಏರಿದರೆ ಗ್ಲೈಕಾಲ್ ಇನ್ನೂ ಮುಂದಕ್ಕೆ ಹೋಗಿಬಿಟ್ಟಿದೆ, ಫೀಡ್ ಹರಿವು ಹೆಚ್ಚಿಸಿ ಅಥವಾ ಶಾಖ ಇಳಿಸಿ, ಅಷ್ಟೇ. ಲ್ಯಾಕ್ಟಿಕ್ ಆಮ್ಲ ಅಥವಾ ಅದರ ಲವಣ ಕಾಣಿಸಿಕೊಂಡರೆ ಫೀಡ್‌ನಲ್ಲಿ ಕ್ಷಾರ ಇದೆ. ಇದನ್ನು ಕಡೆಗಣಿಸಬೇಡಿ, ಮುಂದೆ ಬರುವ ದೊಡ್ಡ ತೊಂದರೆಗೆ ಇದು ಮುನ್ಸೂಚನೆ.

ಬಣ್ಣವನ್ನೂ ನೋಡಿ. ಪ್ರಾಡಕ್ಟ್ ತಿಳಿಯಾಗಿರಬೇಕು. ಹಳದಿ, ಆಮೇಲೆ ಕಂದು ಆಗುತ್ತಿದ್ದರೆ ಅಸಿಟಾಲ್ ಮತ್ತು ಆಲ್ಡಿಹೈಡ್‌ಗಳು ಒಂದಕ್ಕೊಂದು ಕೂಡಿಕೊಂಡು ಭಾರದ ವಸ್ತುಗಳಾಗುತ್ತಿವೆ, ಇವು ಜಿಸಿಯಲ್ಲಿ ಕಾಣುವುದೇ ಇಲ್ಲ, ಒಳಹೋದ ಇಂಗಾಲವನ್ನು ಹೊರಬಂದದ್ದರ ಜೊತೆ ಹೋಲಿಸುವ ಕಾರ್ಬನ್ ಬ್ಯಾಲೆನ್ಸ್‌ನಲ್ಲಿ ಕಾಣೆಯಾದ ಇಂಗಾಲ ಬಹುಪಾಲು ಇಲ್ಲೇ ಇರುತ್ತದೆ. ಎಳೆನೀಲಿ ಅಥವಾ ಹಸಿರು ಬಂದರೆ ತಾಮ್ರವೇ ಕರಗಿ ಬರುತ್ತಿದೆ. ಫೀಡ್ ಹುಳಿಯಾಗಿದೆಯಾ ಅಂತ ಕೂಡಲೇ ಪಿಎಚ್ ನೋಡಿ.

ವಾಸನೆ ನೋಡಲು ಮಾತ್ರ ಹೋಗಬೇಡಿ. ಕಣ್ಣಲ್ಲಿ ನೀರು ತರಿಸುವ ಘಾಟು ಬಂದರೆ ಅದು ಆಕ್ರೋಲಿನ್. ಗ್ಲಿಸರಾಲ್ ಆಮ್ಲೀಯ ಮೇಲ್ಮೈ ಮೇಲೆ ಬಿಸಿಯಾದಾಗ ಎರಡು ನೀರಿನ ಅಣು ಕಳಚಿ ಆಗುವ ವಸ್ತು ಇದು. ಗಾಳಿಯಲ್ಲಿ 0.1 ಪಿಪಿಎಂ (ಹತ್ತು ಲಕ್ಷ ಪಾಲಿಗೆ 0.1 ಪಾಲು) ದಾಟಬಾರದು ಅಂತ ಮಿತಿ ಇರುವಷ್ಟು ವಿಷ. ಘಾಟು ಬಂದರೆ ಫೀಡ್ ನಿಲ್ಲಿಸಿ, ಜಾಗ ಖಾಲಿ ಮಾಡಿ, ಹುಡುಕಾಟ ಆಮೇಲೆ.

ಹಾಟ್ ಸ್ಪಾಟ್ ಎಲ್ಲಿಗೆ ಸರಿಯುತ್ತಿದೆ

ನನ್ನ ಮಟ್ಟಿಗೆ ಇಡೀ ಪತ್ತೆ ಕೆಲಸದಲ್ಲಿ ಅತಿ ಹೆಚ್ಚು ಸುಳಿವು ಕೊಡುವುದು ಇದೇ, ಆದರೆ ಎಷ್ಟೋ ಕಡೆ ಬೆಡ್ಡಿನ ನಡುವೆ ಒಂದೇ ಒಂದು ಥರ್ಮೊಕಪಲ್ ಇಟ್ಟು ಕೈತೊಳೆದುಕೊಂಡಿರುತ್ತಾರೆ. ಗ್ಲಿಸರಾಲ್ ಗ್ಲೈಕಾಲ್ ಆಗುವಾಗ ಮೋಲ್‌ಗೆ ಸುಮಾರು 100 ಕಿಲೋಜೂಲ್ ಆಸುಪಾಸಿನಲ್ಲಿ ಶಾಖ ಬಿಡುಗಡೆಯಾಗುತ್ತದೆ. ಕೆಲಸ ಎಲ್ಲಿ ನಡೆಯುತ್ತಿದೆಯೋ ಅಲ್ಲಿ ಬೆಡ್ ಬಿಸಿ. ಬೆಡ್ಡಿನ ಮಧ್ಯೆ ಒಂದು ಸಣ್ಣ ಕೊಳವೆ ಬಿಟ್ಟು ಥರ್ಮೊಕಪಲ್ಲನ್ನು ಮೇಲಿನಿಂದ ಕೆಳಕ್ಕೆ ಒಂದೊಂದು ಸೆಂಟಿಮೀಟರ್ ಸರಿಸಿ, ಪ್ರತಿ ಕಡೆ ಓದು ನಿಲ್ಲುವವರೆಗೆ ಕಾದು ಬರೆದುಕೊಂಡರೆ ಬೆಡ್ಡಿನ ಶಾಖದ ಚಿತ್ರ ಸಿಗುತ್ತದೆ. ಹೊಸ ಬೆಡ್ಡಿನಲ್ಲಿ ಈ ಚಿತ್ರದ ಎತ್ತರದ ಗುಡ್ಡೆ, ಅಂದರೆ ಅತಿ ಬಿಸಿಯಾದ ಹಾಟ್ ಸ್ಪಾಟ್, ಮೇಲ್ಭಾಗದಲ್ಲೇ ಇರುತ್ತದೆ, ಫೀಡ್ ಮೊದಲು ಸಿಗುವುದೇ ಅಲ್ಲಿ.

ವಾರ ಕಳೆದಂತೆ ಆ ಗುಡ್ಡೆ ಎತ್ತರ ಕಳೆದುಕೊಳ್ಳದೆ ಕೆಳಕ್ಕೆ ಸರಿಯುತ್ತಿದ್ದರೆ ಮೇಲಿನ ಪದರ ಸತ್ತು ಕೆಳಗಿನದು ಕೆಲಸ ವಹಿಸಿಕೊಳ್ಳುತ್ತಿದೆ. ಫೀಡ್‌ನಿಂದ ವಿಷ ಬರುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಈ ಹಂತದಲ್ಲಿ ಕನ್ವರ್ಷನ್ ಇನ್ನೂ ಇಳಿದಿರುವುದಿಲ್ಲ, ಗುಡ್ಡೆ ತಳ ಮುಟ್ಟಿದ ಮೇಲೆ ಒಮ್ಮೆಲೇ ಬೀಳುತ್ತದೆ, ಆಗ ಜನ "ನಿನ್ನೆವರೆಗೂ ಚೆನ್ನಾಗಿತ್ತು" ಅನ್ನುತ್ತಾರೆ. ಗುಡ್ಡೆ ಇದ್ದಲ್ಲೇ ಇದ್ದು ಚಪ್ಪಟೆಯಾಗುತ್ತಾ ಹೋದರೆ ಇಡೀ ಬೆಡ್ ಒಟ್ಟಿಗೆ ಶಕ್ತಿ ಕಳೆದುಕೊಳ್ಳುತ್ತಿದೆ. ಹಾಗಾದರೆ ತಾಮ್ರದ ಕಣಗಳು ಕೂಡಿಕೊಂಡು ದಪ್ಪಗಾಗುತ್ತಿವೆ, ಇಲ್ಲವೇ ಎಲ್ಲ ಕಡೆ ಕೋಕ್ (ಇಂಗಾಲದ ಕಪ್ಪು ಪದರ) ಕುಳಿತಿದೆ. ಒಂದು ಕಡೆ ಚೂಪಾಗಿ ಎದ್ದು ಪಕ್ಕದಲ್ಲೇ ತಣ್ಣಗಿದ್ದರೆ ಕ್ಯಾಟಲಿಸ್ಟ್‌ನ ತಪ್ಪೇನಿಲ್ಲ, ದ್ರವ ಸರಿಯಾಗಿ ಹರಡುತ್ತಿಲ್ಲ.

ಹರಡುವಿಕೆಯ ಬಗ್ಗೆ ಒಂದೆರಡು ಮಾತು. ಕೊಳವೆಯ ಒಳವ್ಯಾಸ ಕ್ಯಾಟಲಿಸ್ಟ್ ಕಣಕ್ಕಿಂತ ಕನಿಷ್ಠ ಹತ್ತು ಪಟ್ಟು ಇರಬೇಕು. ಕಡಿಮೆಯಿದ್ದರೆ ದ್ರವ ಗೋಡೆ ಹಿಡಿದು ಜಾರಿಹೋಗುತ್ತದೆ. ದೊಡ್ಡ ಕಾಳುಗಳ ನಡುವೆ ಸಿಲಿಕಾನ್ ಕಾರ್ಬೈಡ್ ಪುಡಿ ತುಂಬಿದರೆ ದ್ರವ ಚೆನ್ನಾಗಿ ಹರಡುತ್ತದೆ, ಶಾಖವೂ ಹಂಚಿಹೋಗುತ್ತದೆ. ಅನುಮಾನ ಇದ್ದರೆ ಕ್ಯಾಟಲಿಸ್ಟ್ ತೂಕವನ್ನೂ ಫೀಡ್ ಹರಿವನ್ನೂ ಒಟ್ಟಿಗೆ ಎರಡು ಪಟ್ಟು ಮಾಡಿ ನೋಡಿ. ಕನ್ವರ್ಷನ್ ಬದಲಾಗಬಾರದು. ಏರಿದರೆ ಮೊದಲು ಓಡಿಸುತ್ತಿದ್ದ ಹರಿವು ಸಾಲುತ್ತಿರಲಿಲ್ಲ ಅಂತ ತಿಳಿಯಿರಿ.

ಫೀಡ್ ಒಳಗಿನ ಕೊಲೆಗಾರರು

ಬಯೋಡೀಸೆಲ್ ಮಾಡುವಾಗ ಪ್ರತಿ 100 ಕಿಲೋಗೆ ಸುಮಾರು 10 ಕಿಲೋ ಗ್ಲಿಸರಾಲ್ ಉಳಿಯುತ್ತದೆ. ಅಗ್ಗ ಅಂತ ಅದನ್ನೇ ತಂದರೆ ಜೊತೆಗೆ ಮೆಥನಾಲ್, ಸಾಬೂನು, ಸೋಡಿಯಂ ಅಥವಾ ಪೊಟ್ಯಾಷಿಯಂ ಲವಣ ಎಲ್ಲ ಬರುತ್ತದೆ. ಬಯೋಡೀಸೆಲ್ ಮಾಡಿದವರು ಉಳಿದ ಕ್ಷಾರವನ್ನು ಯಾವ ಆಮ್ಲದಿಂದ ತಟಸ್ಥ ಮಾಡಿದ್ದಾರೆ ಅಂತ ಕೇಳಿ. ಹೈಡ್ರೋಕ್ಲೋರಿಕ್ ಆದರೆ ಕ್ಲೋರೈಡ್, ಸಲ್ಫ್ಯೂರಿಕ್ ಆದರೆ ಸಲ್ಫೇಟ್. ತಾಮ್ರಕ್ಕೆ ಎರಡೂ ಆಗದು. ಕ್ಲೋರೈಡ್ ತಾಮ್ರದ ಕಣಗಳು ಬೇಗ ಕೂಡಿಕೊಳ್ಳುವಂತೆ ಮಾಡುತ್ತದೆ, ಗಂಧಕ ನೇರವಾಗಿ ಅಂಟಿ ಮೇಲ್ಮೈ ಮುಚ್ಚುತ್ತದೆ.

"10 ಪಿಪಿಎಂ ಗಂಧಕ ತಾನೇ, ಏನಾಗುತ್ತೆ" ಅನ್ನುವವರಿಗೆ ಲೆಕ್ಕ. ಅದೇ ಗಂಟೆಗೆ 36 ಗ್ರಾಂ ಫೀಡ್, ಅಂದರೆ ದಿನಕ್ಕೆ 8.7 ಮಿಲಿಗ್ರಾಂ ಗಂಧಕ. ಬೆಡ್ಡಿನಲ್ಲಿ 20 ಗ್ರಾಂ ಕ್ಯಾಟಲಿಸ್ಟ್ ಇದೆ, ಗ್ರಾಂಗೆ 10 ಚದರ ಮೀಟರ್ ತಾಮ್ರದ ಮೇಲ್ಮೈ ಅಂತ ಇಟ್ಟುಕೊಳ್ಳಿ, ಒಟ್ಟು 200 ಚದರ ಮೀಟರ್. ಅಷ್ಟು ಮೇಲ್ಮೈಯಲ್ಲಿರುವ ತಾಮ್ರದ ಪರಮಾಣುಗಳು ಸುಮಾರು 4.9 ಮಿಲಿಮೋಲ್. ಒಂದು ತಾಮ್ರಕ್ಕೆ ಒಂದು ಗಂಧಕ ಅಂದರೂ 156 ಮಿಲಿಗ್ರಾಂ ಸಾಕು. ಬಂದ ಗಂಧಕವೆಲ್ಲ ಹಿಡಿದುಕೊಂಡರೆ 18 ದಿನದಲ್ಲಿ ಮೇಲ್ಮೈ ಪೂರ್ತಿ ಮುಚ್ಚಿಹೋಯಿತು. ಕೆಲಸ ನಿಲ್ಲಲು ಪೂರ್ತಿ ಮುಚ್ಚಬೇಕಾಗಿಯೂ ಇಲ್ಲ.

ಲವಣದ ಕಾಟ ಬೇರೆ ರೀತಿಯದು. ಫೀಡನ್ನು ಬೆಡ್ಡಿಗೆ ಮೊದಲೇ ಬಿಸಿ ಮಾಡುವ ಪ್ರೀಹೀಟರಿನಲ್ಲಿ ನೀರು ಆವಿಯಾದರೆ ಲವಣ ಅಲ್ಲೇ ಕೂರುತ್ತದೆ. 200 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ 15.5 ಬಾರ್, ನಿಮ್ಮ ರಿಯಾಕ್ಟರ್ ಅದಕ್ಕಿಂತ ಕೆಳಗೆ ಓಡುತ್ತಿದ್ದರೆ ನೀರು ಬಹುಪಾಲು ಆವಿಯೇ, ಮೇಲೆ ಓಡುತ್ತಿದ್ದರೂ ಹೈಡ್ರೋಜನ್ ಒಂದು ಪಾಲು ಹೊತ್ತೊಯ್ಯುತ್ತದೆ. ಫೀಡ್ ಒಳಬರುವ ಕಡೆ ಒತ್ತಡ ದಿನದಿನಕ್ಕೆ ನಿಧಾನವಾಗಿ ಏರುತ್ತಿದ್ದರೆ ಇದನ್ನೇ ಅನುಮಾನಿಸಿ. ಪ್ರೀಹೀಟರ್ ಮುಂದೆ ಒಂದು ಗೇಜ್, ಹಿಂದೆ ಒಂದು ಗೇಜ್ ಇದ್ದರೆ ಕಟ್ಟಿಕೊಂಡಿರುವುದು ಪೈಪಾ ಬೆಡ್ಡಾ ಅಂತ ಬಿಚ್ಚದೆಯೇ ಗೊತ್ತಾಗುತ್ತದೆ.

ತೀರ್ಮಾನಕ್ಕೆ ಬರುವ ಸುಲಭ ದಾರಿ: ಒಂದು ದಿನ ಔಷಧ ದರ್ಜೆಯ ಶುದ್ಧ ಗ್ಲಿಸರಾಲ್ ಮತ್ತು ಅಯಾನು ತೆಗೆದ ನೀರು ಹಾಕಿ ಓಡಿಸಿ, ಉಳಿದದ್ದೆಲ್ಲ ಇದ್ದಂತೆಯೇ ಇರಲಿ. ಕನ್ವರ್ಷನ್ ಮೇಲೆ ಬಂದರೆ ಕ್ಯಾಟಲಿಸ್ಟ್ ಬದುಕಿದೆ, ಫೀಡ್ ಅದನ್ನು ಉಸಿರುಗಟ್ಟಿಸುತ್ತಿತ್ತು ಅಷ್ಟೇ. ಬರಲೇ ಇಲ್ಲ ಅಂದರೆ ಹಾನಿ ಒಳಗೇ ಆಗಿದೆ.

ಹೊಸ ಕ್ಯಾಟಲಿಸ್ಟೇ ಮೊದಲ ದಿನದಿಂದ ಸೋತರೆ

ಆಗ ಮಾತ್ರ ವಿಷದ ಮಾತು ಬಿಡಿ, ರಿಡಕ್ಷನ್ (ಓಡಿಸುವ ಮೊದಲು ಆಕ್ಸೈಡನ್ನು ತಾಮ್ರವಾಗಿಸುವ ಕೆಲಸ) ದಾಖಲೆ ತೆಗೆಯಿರಿ. ತಾಮ್ರದ ಆಕ್ಸೈಡ್ ಹೈಡ್ರೋಜನ್ ಜೊತೆ ಸೇರಿ ತಾಮ್ರ ಆಗುವಾಗ ಮೋಲ್‌ಗೆ 85 ಕಿಲೋಜೂಲ್ ಆಸುಪಾಸು ಶಾಖ ಹೊರಬರುತ್ತದೆ. ಶುದ್ಧ ಹೈಡ್ರೋಜನ್ನನ್ನು ಒಮ್ಮೆಲೇ ಬಿಟ್ಟರೆ ಬೆಡ್ ಒಳಗೆ ಶಾಖ ಜಿಗಿದು, ಕ್ಯಾಟಲಿಸ್ಟ್ ಹುಟ್ಟುವ ಮೊದಲೇ ಮುದಿಯಾಗುತ್ತದೆ. ನೈಟ್ರೋಜನ್‌ನಲ್ಲಿ 5 ಶೇಕಡಾ ಹೈಡ್ರೋಜನ್, ನಿಮಿಷಕ್ಕೆ ಒಂದು ಡಿಗ್ರಿ ಏರಿಕೆ, ಬೆಡ್ಡಿನ ಶಾಖ 300 ದಾಟದ ಹಾಗೆ ಕಾವಲು. ಪೂರ್ತಿ ಆಯಿತಾ ಅಂತ ತಿಳಿಯಲು ಕೆಳಗೆ ಬಿದ್ದ ನೀರನ್ನು ತೂಗಿ. 10 ಗ್ರಾಂ ತಾಮ್ರದ ಆಕ್ಸೈಡ್ 2.26 ಗ್ರಾಂ ನೀರು ಕೊಡಬೇಕು. 1.5 ಗ್ರಾಂ ಸಿಕ್ಕಿದರೆ, ಕಂಡೆನ್ಸರ್ ದಾಟಿ ಹೋಗಿರಬಹುದಾದದ್ದನ್ನು ಬಿಟ್ಟರೂ, ಕೆಲಸ ಅರ್ಧಕ್ಕೇ ನಿಂತಿದೆ, ಇನ್ನಷ್ಟು ಹೊತ್ತು ಮುಂದುವರಿಸಿ.

ಬೆಡ್ ಬಿಚ್ಚುವಾಗ

ಇಷ್ಟೆಲ್ಲ ಆದ ಮೇಲೂ ಬೆಡ್ಡಿನದೇ ದೋಷ ಅಂತ ಕಂಡರೆ ಬಿಚ್ಚೋಣ. ನೇರವಾಗಿ ಗಾಳಿಗೆ ತೆರೆಯಬೇಡಿ. ನುಣ್ಣನೆಯ ಕಣಗಳ ತಾಮ್ರ ಗಾಳಿ ಸೋಕಿದರೆ ಕೆಂಡದ ಹಾಗೆ ಹೊತ್ತಿಕೊಳ್ಳಬಹುದು. ನೈಟ್ರೋಜನ್‌ನಲ್ಲಿ ತಣಿಸಿ, 1 ಶೇಕಡಾ ಆಮ್ಲಜನಕ ಇರುವ ನೈಟ್ರೋಜನ್ ಬಿಟ್ಟು, ಶಾಖ ಏರುವುದು ನಿಂತ ಮೇಲೆ ತೆರೆಯಿರಿ.

ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದರೆ ಸಾಕ್ಷಿ ನಾಶವಾಯಿತು. ಮೇಲೆ, ನಡುವೆ, ಕೆಳಗೆ ಅಂತ ಮೂರು ಪಾಲು ಮಾಡಿ ಬೇರೆ ಬೇರೆ ಸೀಸೆಗೆ ಹಾಕಿ, ಬಳಸದ ಕ್ಯಾಟಲಿಸ್ಟ್‌ನ ಸ್ವಲ್ಪ ಭಾಗವನ್ನೂ ಜೊತೆಗಿಡಿ. ಸೋಡಿಯಂ, ಗಂಧಕಕ್ಕೆ ಐಸಿಪಿ (ಮೂಲವಸ್ತುಗಳನ್ನು ಅಳೆಯುವ ಪರೀಕ್ಷೆ), ಕ್ಲೋರೈಡ್‌ಗೆ ಅಯಾನ್ ಕ್ರೊಮಾಟೋಗ್ರಫಿ. ಮೇಲಿನ ಪಾಲಿನಲ್ಲಿ ಜಾಸ್ತಿ, ಕೆಳಗೆ ಇಲ್ಲ ಅಂದರೆ ಹಾಟ್ ಸ್ಪಾಟ್ ಹೇಳಿದ್ದ ಕಥೆಯೇ ನಿಜ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಹರಳಿನ ಕಣ ನೋಡುವ ಪರೀಕ್ಷೆ) ತಾಮ್ರದ ಪೀಕ್ ಹೊಸದಕ್ಕಿಂತ ತೆಳ್ಳಗೆ ಚೂಪಾಗಿದ್ದರೆ ಕಣ ದಪ್ಪಗಾಗಿದೆ. ಇದಕ್ಕೆ ಮದ್ದಿಲ್ಲ, ಮುಂದಿನ ಸಲ ಶಾಖ ಮತ್ತು ಕ್ಲೋರೈಡ್ ಎರಡನ್ನೂ ಕಡಿಮೆ ಇಡಬೇಕು.

ಕೋಕ್ ಅಳೆಯಲು ಟಿಜಿಎಗೆ (ಬಿಸಿ ಮಾಡುತ್ತಾ ತೂಕದ ಬದಲಾವಣೆ ನೋಡುವ ಪರೀಕ್ಷೆ) ಕಳಿಸುವವರಿಗೆ ಒಂದು ಎಚ್ಚರಿಕೆ. ಗಾಳಿಯಲ್ಲಿ ಸುಡುವಾಗ ಕೋಕ್ ಹೋಗಿ ತೂಕ ಇಳಿಯುತ್ತದೆ, ಅದೇ ಹೊತ್ತಿಗೆ ತಾಮ್ರ ಆಕ್ಸೈಡ್ ಆಗಿ ತನ್ನ ತೂಕದ 25 ಶೇಕಡಾ ಸೇರಿಸಿಕೊಳ್ಳುತ್ತದೆ. ಎರಡೂ ಒಂದನ್ನೊಂದು ಮುಚ್ಚಿಹಾಕಿ ಗೆರೆ ನೆಟ್ಟಗೆ ಕಾಣುತ್ತದೆ, "ಕೋಕೇ ಇಲ್ಲ" ಅಂತ ವರದಿ ಬರುತ್ತದೆ. ಹೊರಬರುವ ಕಾರ್ಬನ್ ಡೈಆಕ್ಸೈಡನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಯಲು ಹೇಳಿ. ಕೋಕ್ ಇರುವುದು ಖಚಿತವಾದರೆ ತೆಳು ಆಮ್ಲಜನಕದಲ್ಲಿ ನಿಧಾನವಾಗಿ ಸುಟ್ಟು, ಮತ್ತೆ ರಿಡಕ್ಷನ್ ಮಾಡಿ ಬಳಸಬಹುದು. ಗಂಧಕ ಹಿಡಿದ ಪಾಲಿಗೆ ಆ ಶ್ರಮ ದಂಡ, ಅದನ್ನು ತೆಗೆದುಹಾಕಿ ಕೆಳಗಿನ ಒಳ್ಳೆಯ ಪಾಲನ್ನು ಉಳಿಸಿಕೊಳ್ಳಿ. ಮತ್ತೆ ತುಂಬುವಾಗ ಮೇಲೆ ಒಂದು ಪದರ ಬಲಿಗೆಂದೇ ಅಗ್ಗದ ತಾಮ್ರದ ಕ್ಯಾಟಲಿಸ್ಟ್ ಹಾಕಿ, ಅದು ಸತ್ತಾಗ ಅಷ್ಟನ್ನೇ ಬದಲಾಯಿಸಿದರೆ ಸಾಕು. ಮೊದಲ ದಿನದ ಶಾಖದ ಚಿತ್ರ, ಗೇಜ್ ಓದುಗಳು, ಗಂಟೆಯ ತೂಕ ಇವನ್ನು ರಿಯಾಕ್ಟರ್ ಪಕ್ಕದ ಪುಸ್ತಕದಲ್ಲೇ ಬರೆದಿಡಿ, ಮುಂದಿನ ಸಲ ಹೋಲಿಸಲು ಬೇಕಾಗುವುದು ಅವೇ.